ಹತ್ತು ದಿನಗಳ ವಿವೇಕ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮಗಳಿಗೆ ಸಿನಿಮಾದಲ್ಲಿ ಪಾತ್ರ ಕೊಡಿಸುತ್ತೇವೆ ಎಂದವರನ್ನು ನಂಬಿ ಬಳೆ ಅಡವಿಟ್ಟಳು. ‘ಹಿಗ್ಗಿನಲ್ಲಿ ಯೋಚಿಸಲೇ ಇಲ್ಲ ಟೀಚರ್’ ಎಂದು ಅತ್ತಳು.

ಇಂಥ ತಾಯಂದಿರು ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾದಲ್ಲೂ ಇದ್ದರು. ಫೋಟೋಗೆ, ತರಬೇತಿಗೆ, ನೋಂದಣಿಗೆ ಎಂದು ಕೆಲವು ಏಜೆನ್ಸಿಗಳು ಹಣ ಕೀಳುತ್ತಿದ್ದವು. ಪಾತ್ರ ಮಾತ್ರ ಬರುತ್ತಿರಲಿಲ್ಲ. 2009ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿ 2010ರ ಜನವರಿಯಿಂದ ಜಾರಿಗೆ ತಂದಿತು. ಕೆಲಸ ಕೊಡಿಸುತ್ತೇವೆಂದು ಯಾರೂ ಮುಂಗಡ ಹಣ ಕೇಳುವಂತಿಲ್ಲ. ಕಲಾವಿದರು ದುಡಿದ ಮೇಲೆ ಕಮಿಷನ್ ಪಡೆಯಬೇಕು. ತರಬೇತಿಯಂಥ ಸೇವೆ ಮಾರುವವರು 50,000 ಡಾಲರಿನ ಬಾಂಡ್ ಕೊಡಬೇಕು. ಗಿರಾಕಿ 10 ಕೆಲಸದ ದಿನಗಳೊಳಗೆ ಬರೆದು ತಿಳಿಸಿ ಒಪ್ಪಂದ ರದ್ದು ಮಾಡಿದರೆ ಹಣ ಪೂರ್ತಿ ವಾಪಸು.

ಎಲ್ಲಕ್ಕಿಂತ ಆ ಹತ್ತು ದಿನಗಳೇ ನನಗೆ ಹಿಡಿಸಿದವು. ಹಿಗ್ಗು ಇಳಿದು ಲೆಕ್ಕ ಹಾಕಲು ತಾಯಿಗೆ ಅಷ್ಟಾದರೂ ಸಮಯ ಬೇಕು.