ಉಚಿತ ವಂಶಾವಳಿಯ ಬೆಲೆ

ತನ್ನ ಹಿರಿಯರ ಹೆಸರನ್ನು ಅರಿಯಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವನು ಮನೆಬಾಗಿಲಿಗೆ ಬಂದು ಆ ಮನೆತನದ ಪೀಳಿಗೆಗಳನ್ನು ಹೆಸರು ಹೆಸರಾಗಿ ಹೇಳುವುದನ್ನೂ, ಮನೆಯವರು ಕಾಳು, ಬಟ್ಟೆ, ಹಣಗಳನ್ನಿತ್ತು ಅವನನ್ನು ಬೀಳ್ಕೊಡುವುದನ್ನೂ ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿ ವಂಶಾವಳಿಯ ಬೆಲೆ ಹೊಸ್ತಿಲಲ್ಲಿಯೇ ಕಣ್ಣಿಗೆ ಕಾಣುತ್ತದೆ. ಇಂದು ಇಂಗ್ಲೆಂಡಿನ ಗೃಹಸ್ಥನೊಬ್ಬನು ತನ್ನ ಮನೆಯಲ್ಲಿಯೇ ಕುಳಿತು, ಒಂದು ಕಾಸನ್ನೂ ತೆರದೆ, ನೂರೈವತ್ತು ವರ್ಷಗಳ ಹಿಂದಿನ ಜನನ, ವಿವಾಹ, ಮರಣಗಳ ಸುಳಿವನ್ನು ಅಂತರ್ಜಾಲದಲ್ಲಿ ಪಡೆಯುತ್ತಾನೆ. ತೆತ್ತವರು ಯಾರೆಂಬುದು ಮಾತ್ರ ಅವನಿಗೆ ಕಾಣುವುದಿಲ್ಲ.

ಆ ನಾಡಿನಲ್ಲಿ 1538ರಿಂದ ಚರ್ಚುಗಳು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ಲೆಕ್ಕವನ್ನಿಡುತ್ತ ಬಂದುವು. ಸರಕಾರದ ನೋಂದಣಿ ಆರಂಭವಾದುದು 1837ರ ಜುಲೈ 1ರಂದು. ಸ್ಥಳೀಯ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಪುಸ್ತಕಗಳ ನಕಲನ್ನು ಕೇಂದ್ರ ಕಚೇರಿಗೆ ಕಳುಹಿಸುತ್ತಿದ್ದರು. ಅಲ್ಲಿಯ ಗುಮಾಸ್ತರು ಆ ನಕಲುಗಳಿಂದ ಅಕಾರಾದಿ ಸೂಚಿಯನ್ನು ಸಿದ್ಧಪಡಿಸುತ್ತಿದ್ದರು. ಹೀಗೆ ನಕಲಿನ ಮೇಲೆ ನಕಲಾಗುವಾಗ ಪ್ರತಿಯೊಂದು ಹಂತದಲ್ಲಿಯೂ ಕೈತಪ್ಪು ನುಸುಳುವುದು ಸ್ವಾಭಾವಿಕ. ಜನನವನ್ನು ತಿಳಿಸುವ ಹೊಣೆಯನ್ನು ತಂದೆತಾಯಿಗಳ ಮೇಲೆ ಸ್ಪಷ್ಟವಾಗಿ ಹೊರಿಸಿದುದು 1874ರ ಕಾಯಿದೆ. ಅದಕ್ಕೆ ಮೊದಲು ಹಲವು ಶಿಶುಗಳ ಹೆಸರು ದಾಖಲೆಯನ್ನೇ ಸೇರಲಿಲ್ಲ.

ಈ ಸೂಚಿಗಳನ್ನು ನೋಡಬೇಕಾದವರು ಬಹುಕಾಲ ಲಂಡನ್ನಿಗೆ ಹೋಗಿ ಭಾರಿ ಸಂಪುಟಗಳನ್ನು ಎತ್ತಿ ಇಳಿಸಬೇಕಾಗಿತ್ತು, ಇಲ್ಲವೆ ಮೈಕ್ರೋಫಿಲ್ಮುಗಳ ಮುಂದೆ ಕಣ್ಣು ದಣಿಸಬೇಕಾಗಿತ್ತು. 1998ರಲ್ಲಿ ಕೆಲವು ಆಸಕ್ತರು ‘ಫ್ರೀಬಿಎಂಡಿ’ ಎಂಬ ಕಾರ್ಯವನ್ನು ಕೈಗೊಂಡರು. ಸೂಚಿಯ ಪುಟಗಳ ಚಿತ್ರಗಳನ್ನು ಸ್ವಯಂಸೇವಕರಿಗೆ ಹಂಚುವುದು, ಅವರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಸಾಲು ಸಾಲಾಗಿ ಬೆರಳಚ್ಚು ಮಾಡಿ ಕಳುಹಿಸುವುದು: ಇದೇ ಕ್ರಮ. ಇಂದು ಕೋಟ್ಯಂತರ ನಮೂದುಗಳು ಅಲ್ಲಿ ಎಲ್ಲರಿಗೂ ಮುಕ್ತವಾಗಿವೆ. ಸಂಬಳವೆಂಬುದು ಆ ಲಿಪಿಕಾರರಿಗೆ ಇಲ್ಲ.

ಅವರ ಶ್ರಮದ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು. ಮೊದಲ ನಿಯಮವೆಂದರೆ ಕಂಡದ್ದನ್ನು ಕಂಡಂತೆಯೇ ಬರೆಯುವುದು. ಗುಮಾಸ್ತನು ಊರ ಹೆಸರನ್ನು ತಪ್ಪಾಗಿ ಬರೆದಿದ್ದಾನೆಂದು ತೋರಿದರೂ ತಿದ್ದುವ ಅಧಿಕಾರ ಲಿಪಿಕಾರನಿಗಿಲ್ಲ. ಒಂದಕ್ಷರ ಓದಲು ಬಾರದಿದ್ದರೆ ಅದರ ಸ್ಥಾನದಲ್ಲಿ ಒಂದು ಅಡಿಗೆರೆ. ಎರಡರಲ್ಲಿ ಯಾವುದೆಂದು ಸಂಶಯವಾದರೆ ಎರಡನ್ನೂ ಕಂಸದೊಳಗಿಡುವುದು. ತಾಳೆಯೋಲೆಗಳನ್ನು ಪರಿಶೋಧಿಸಿದ ನಮ್ಮ ವಿದ್ವಾಂಸರಿಗೆ ಈ ಸಂಯಮ ಅಪರಿಚಿತವಲ್ಲ. ತನಗೆ ಬಂಧುಗಳೂ ಅಲ್ಲದ ಸಾವಿರಾರು ಮೃತರ ಹೆಸರುಗಳನ್ನು ಹೀಗೆ ಬರೆಯುತ್ತ ಕುಳಿತವನ ಸಂಜೆಗಳನ್ನು ಯಾವ ಲೆಕ್ಕದ ಪುಸ್ತಕವೂ ಎಣಿಸುವುದಿಲ್ಲ.

ಶ್ರಮ ದಾನವಾಗಿ ದೊರೆತರೂ ಯಂತ್ರಗಳು ದಾನದಿಂದ ಮಾತ್ರ ನಡೆಯಲಾರವು. ಮಾಹಿತಿಯನ್ನಿರಿಸುವ ಸರ್ವರುಗಳಿಗೆ ವಿದ್ಯುತ್ತು ಬೇಕು, ಕೆಲವು ವರ್ಷಗಳಿಗೊಮ್ಮೆ ಹೊಸ ಯಂತ್ರ ಬೇಕು, ಕಾವಲು ಬೇಕು. ಅಮೆರಿಕದ ‘ರೂಟ್ಸ್‌ವೆಬ್’ ಇದಕ್ಕೆ ನಿದರ್ಶನ. ಬಳಸುವವರ ವಂತಿಗೆಯನ್ನೂ ಸ್ವಯಂಸೇವಕರ ದುಡಿಮೆಯನ್ನೂ ನೆಚ್ಚಿ ಬೆಳೆದ ಆ ತಾಣ 2000ರಲ್ಲಿ ವಾಣಿಜ್ಯ ಸಂಸ್ಥೆಯೊಂದರ ಕೈಸೇರಿತು. ಉಚಿತವಾಗಿಯೇ ಮುಂದುವರಿಯಿತು, ನಿಜ. ಆದರೆ ನಿರ್ಣಯಗಳು ದುಡಿದವರ ಕೈಯಲ್ಲಿ ಉಳಿಯಲಿಲ್ಲ. 2017ರ ಡಿಸೆಂಬರಿನಲ್ಲಿ ಬಳಕೆದಾರರ ಗುಪ್ತಪದಗಳುಳ್ಳ ಕಡತವೊಂದು ಬಯಲಾದುದು ತಿಳಿದಾಗ ತಾಣವನ್ನೇ ಕೆಲಕಾಲ ಮುಚ್ಚಬೇಕಾಯಿತು. 2020ರಲ್ಲಿ ಅದರ ಪತ್ರಗೋಷ್ಠಿಗಳು ನಿಂತುಹೋದುವು. ಬೇರೆಯವರ ಜಗಲಿಯಲ್ಲಿ ಇರಿಸಿದ ಬುತ್ತಿಯ ಪಾಡು ಇದೇ ಅಲ್ಲವೆ!

ಉಣ್ಣುವವನಿಗೂ ಹೊಣೆಯುಂಟು. ಸೂಚಿಯಲ್ಲಿ ದೊರೆಯುವುದು ಹೆಸರು, ನೋಂದಣಿಯ ಜಿಲ್ಲೆ, ಸಂಪುಟ, ಪುಟ ಇಷ್ಟೇ. ತಾಯಿಯ ತವರಿನ ಹೆಸರು ಜನನಸೂಚಿಗೆ ಸೇರಿದುದು 1911ರ ನಡುವಿನಿಂದ ಈಚೆಗೆ. ಒಂದೇ ಹೆಸರಿನ ಇಬ್ಬರು ಒಂದೇ ಜಿಲ್ಲೆಯಲ್ಲಿ ಹುಟ್ಟಿರಬಹುದು. ಹಣ ತೆತ್ತು ಪ್ರಮಾಣಪತ್ರವನ್ನು ತರಿಸದೆ, ಸೂಚಿಯ ಸಾಲೊಂದನ್ನೇ ನಂಬಿ ಪರರ ಅಜ್ಜನನ್ನು ತನ್ನ ವಂಶವೃಕ್ಷಕ್ಕೆ ಕಟ್ಟಿಕೊಂಡು ಅದನ್ನು ಜಗತ್ತಿಗೆ ಹಂಚುವವರು ಹಲವರು. ಒಬ್ಬನ ಸೋಮಾರಿತನ ನೂರು ಮನೆಗಳ ತಪ್ಪಾಗುತ್ತದೆ. ಬದುಕಿರುವ ಬಂಧುಗಳ ಜನ್ಮದಿನವನ್ನು ಅವರನ್ನು ಕೇಳದೆ ಬಯಲಿಗಿಡುವುದಂತೂ ಅಪಚಾರವೇ ಸರಿ.

ಫ್ರೀಬಿಎಂಡಿಯಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಲಿಪಿಕಾರನು ಓದಿದುದರಲ್ಲಿ ತಪ್ಪಿದ್ದರೆ ಯಾರು ಬೇಕಾದರೂ ತಿಳಿಸಬಹುದು, ಅದು ತಿದ್ದಲ್ಪಡುತ್ತದೆ. ತಪ್ಪು ಮೂಲ ಸೂಚಿಯಲ್ಲಿಯೇ ಇದ್ದರೆ ಸಾಲನ್ನು ಅಳಿಸುವಂತಿಲ್ಲ. ಬಲ್ಲವನು ಅದಕ್ಕೊಂದು ಟಿಪ್ಪಣಿಯನ್ನು ಅಂಟಿಸಬಹುದು. ಹಳೆಯ ಗುಮಾಸ್ತನ ತಪ್ಪೂ ಮೊಮ್ಮಗನ ಟಿಪ್ಪಣಿಯೂ ಅಲ್ಲಿ ಮುಂದೆ ಬರುವವರಿಗಾಗಿ ಜತೆಯಲ್ಲಿಯೇ ಉಳಿಯುತ್ತವೆ.