ತೊಟ್ಟಿಲ ಬಣ್ಣ

ಕನ್ನಡನಾಡಿನ ಮನೆಗಳ ಇತಿಹಾಸವನ್ನು ಬರೆಯಹೊರಟವರಿಗೆ ಪಡಸಾಲೆ, ನಡುಮನೆ, ಅಡುಗೆಮನೆ, ದೇವರಮನೆ, ಉಗ್ರಾಣ, ಹಿತ್ತಿಲು ಎಲ್ಲಕ್ಕೂ ಹಳೆಯ ಹೆಸರುಗಳು ದೊರೆಯುತ್ತವೆ. ಮಗುವಿನ ಕೋಣೆಗೆ ಮಾತ್ರ ಅಂಥ ಹೆಸರಿಲ್ಲ. ಬಾಣಂತಿಯ ಕೋಣೆಯೆಂಬುದುಂಟು. ಆದರೆ ಅದು ತಾಯಿಯ ಆರೈಕೆಗಾಗಿ ಕೆಲವು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟ ಸ್ಥಳ. ಬಾಣಂತನ ಮುಗಿದ ಮೇಲೆ ಅದು ಮತ್ತೆ ಉಗ್ರಾಣವೋ ಮಲಗುವ ಮನೆಯೋ ಆಗುತ್ತದೆ. ಮಗುವಿಗೆಂದೇ ಮನೆಯಲ್ಲಿ ಮೀಸಲಾಗಿದ್ದ ಸ್ಥಾನವೆಂದರೆ ತೊಟ್ಟಿಲೊಂದೇ. ಇಂದು ನಗರಗಳಲ್ಲಿ ಹೊಸ ತಂದೆತಾಯಿಗಳು ಶಿಶುವಿಗಾಗಿ ಕೋಣೆಯೊಂದನ್ನು ಸಿಂಗರಿಸಬಯಸುತ್ತಾರೆ. ಅದರಲ್ಲಿ ಗಿಡಬಳ್ಳಿ ಹಕ್ಕಿಗಳ ಚಿತ್ರವಿರಬೇಕು, ಬಣ್ಣಗಳು ಗಂಡು ಹೆಣ್ಣೆಂಬ ಭೇದವನ್ನು ಸಾರಬಾರದು, ವೆಚ್ಚ ಮಿತವಾಗಿರಬೇಕು ಎಂದು ಅಪೇಕ್ಷಿಸುತ್ತಾರೆ. ಇದು ನವೀನ ವಿಚಾರವೆಂದು ಅನೇಕರ ಭಾವನೆ. ಈ ಮೂರು ಅಪೇಕ್ಷೆಗಳನ್ನೂ ಕನ್ನಡದ ತೊಟ್ಟಿಲು ಬಹು ಹಿಂದೆಯೇ ಪೂರೈಸಿತ್ತೆಂಬುದನ್ನೂ, ಹಾಗೆ ಪೂರೈಸಿದ್ದರೂ ಒಂದು ದೊಡ್ಡ ಕೊರತೆ ಉಳಿದೇಹೋಯಿತೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ನೋಡಬಹುದು. ಕನ್ನಡದ ತೊಟ್ಟಿಲಿಗೆ ತಮಿಳು, ಮಲೆಯಾಳ, ತುಳು ಭಾಷೆಗಳಲ್ಲಿ ‘ತೊಟ್ಟಿಲ್’ ಎಂಬ ರೂಪವಿದೆ. ತೆಲುಗಿನಲ್ಲಿ ‘ತೊಟ್ಟೆಲ’ ಎಂದಿದೆ. ದಕ್ಷಿಣದ ಭಾಷೆಗಳೆಲ್ಲ ಹೀಗೆ ಹಂಚಿಕೊಂಡಿರುವ ಶಬ್ದವು ಸೂಚಿಸುವ ವಸ್ತುವೂ ಬಹು ಪ್ರಾಚೀನವಾದುದೆಂದು ಊಹಿಸಲು ಅಡ್ಡಿಯಿಲ್ಲ. ಇದರ ಜೊತೆಗೆ ‘ಜೋಲಿ’ ಎಂಬ ಇನ್ನೊಂದು ಮಾತಿದೆ. ಮರದ ತೊಟ್ಟಿಲಿಲ್ಲದ ಮನೆಯಲ್ಲಿ ತೊಲೆಗೆ ಹಳೆಯ ಸೀರೆಯನ್ನು ಇಳಿಬಿಟ್ಟು ಕಟ್ಟಿದರೆ ಅದೇ ಜೋಲಿ. ಹೊಲದ ಕೆಲಸಕ್ಕೆ ಹೋದ ತಾಯಿ ಬೇವಿನ ಕೊಂಬೆಗೋ ಹುಣಸೆಯ ಕೊಂಬೆಗೋ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಾಳೆ. ಅಲ್ಲಿ ಮೇಲ್ಛಾವಣಿಯೂ ಮರವೇ, ಗೋಡೆಯೂ ಗಾಳಿಯೇ. ಹೀಗೆ ತೊಟ್ಟಿಲು, ಜೋಲಿ ಎರಡೂ ಒಂದೇ ತತ್ತ್ವದ ಮೇಲೆ ನಿಂತಿವೆ. ಮಗು ನೆಲದ ಹುಳುಹುಪ್ಪಟೆಗಳಿಗೂ ತಂಪಿಗೂ ದೂರವಾಗಿ, ಆದರೆ ಮನೆಯವರ ಕೈಗೆ ಎಟಕುವಂತೆ, ಜನರ ನಡುವೆ ತೂಗಬೇಕು.

ಮರದ ತೊಟ್ಟಿಲುಗಳಲ್ಲಿ ಹೆಸರಾದುದು ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು. ಸಾಗವಾನಿ ಮರದಲ್ಲಿ ಅದನ್ನು ಕಟ್ಟಿ ಅರಗಿನ ಬಣ್ಣ ಹಾಕುವವರು ಅಲ್ಲಿನ ಚಿತ್ರಗಾರ ಮನೆತನದವರು. ಕೆಂಡದ ಕಾವಿನಲ್ಲಿ ಮೆತ್ತಗಾದ ಅರಗು ಮರಕ್ಕೆ ಹತ್ತಿ, ಆರಿದ ಮೇಲೆ ಕನ್ನಡಿಯಂತೆ ಹೊಳೆಯುತ್ತದೆ, ಸುಲಭವಾಗಿ ಸುಲಿಯುವುದಿಲ್ಲ. ಪಟ್ಟಿಕೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು. ಅಂಚಿನಲ್ಲಿ ಬಳ್ಳಿ, ಎಲೆ, ಹೂವು. ಗಿರಾಕಿಯ ಮತಧರ್ಮಕ್ಕೆ ತಕ್ಕಂತೆ ಚಿತ್ರಗಳನ್ನು ಬದಲಿಸಿ ಬರೆಯುವುದೂ ಉಂಟು. ಕಥೆ ಬದಲಾದರೂ ಅಂಚಿನ ಹೂಬಳ್ಳಿ ಬದಲಾಗಬೇಕಾಗುವುದಿಲ್ಲವೆಂಬುದು ಗಮನಾರ್ಹ. ಅದು ಎಲ್ಲ ಮಕ್ಕಳಿಗೂ ಸಲ್ಲುವ ಚಿತ್ರ.

ಈ ತೊಟ್ಟಿಲು ಅಗ್ಗದ ವಸ್ತುವಲ್ಲ. ಆದರೂ ಮಿತವ್ಯಯದ ದೃಷ್ಟಿಯಿಂದಲೇ ಅದನ್ನು ಬೆಲೆಕಟ್ಟಬೇಕು. ತವರುಮನೆಯಿಂದ ಬಂದ ತೊಟ್ಟಿಲಲ್ಲಿ ಒಂದು ಮಗುವಲ್ಲ, ಆ ಮನೆಯ ಮಕ್ಕಳೆಲ್ಲ ಮಲಗುತ್ತಾರೆ. ಮುಂದೆ ಅವರ ಮಕ್ಕಳೂ ಮಲಗುತ್ತಾರೆ. ನಡುವಿನ ವರ್ಷಗಳಲ್ಲಿ ಅದು ಅಟ್ಟದ ಮೇಲಿರುತ್ತದೆ, ಇಲ್ಲವೆ ನೆರೆಮನೆಗೆ ಎರವಲಾಗಿ ಹೋಗುತ್ತದೆ. ಮುಂದೆ ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಿಳಿಯದಿರುವಾಗ, ತಲೆಮಾರುಗಳವರೆಗೆ ಬಾಳಬೇಕಾದ ವಸ್ತುವಿಗೆ ಒಂದು ಲಿಂಗದ ಬಣ್ಣ ಹಾಕುವುದು ಸಾಧ್ಯವೇ ಇರಲಿಲ್ಲ. ತೊಟ್ಟಿಲಿನ ಸಮದೃಷ್ಟಿ ಹುಟ್ಟಿದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ಈ ಬಾಳಿಕೆಯಿಂದ.

ತೊಟ್ಟಿಲ ಮೇಲೆ ತೂಗಾಡುವ ಗಿಳಿಗಳ ಗೊಂಚಲು, ಕೈಗೆ ಕೊಡುವ ಗಿಲಿಗಿಚ್ಚಿ, ಹೆಜ್ಜೆ ಕಲಿಯುವಾಗ ನೂಕುವ ಮೂರು ಗಾಲಿಯ ಬಂಡಿ, ಇವು ಶಿಶುವಿನ ಉಳಿದ ಆಸ್ತಿ. ಇಂಥ ವಸ್ತುಗಳಿಗೆ ಚನ್ನಪಟ್ಟಣ ಪ್ರಸಿದ್ಧವಾಯಿತು. ಟಿಪ್ಪು ಸುಲ್ತಾನನು ಪಾರಸಿಕ ಕುಶಲಿಗಳನ್ನು ಕರೆಸಿ ಅಲ್ಲಿ ಈ ಕಸುಬನ್ನು ಬೆಳೆಸಿದನೆಂದು ಪ್ರತೀತಿ. 20ನೆಯ ಶತಮಾನದ ಆರಂಭದಲ್ಲಿ ಬವಾಸ್ ಮಿಯಾನ್ ಎಂಬವರು ಜಪಾನಿನ ಅರಗುಕೆಲಸದ ರೀತಿಗಳನ್ನು ಅದಕ್ಕೆ ಕೂಡಿಸಿದರೆಂದೂ ಹೇಳುತ್ತಾರೆ. ಕೆಲಸದ ಕ್ರಮ ಸರಳವಾಗಿದೆ. ಹಾಲೆ ಮರದ ಬಿಳಿಯ, ಹಗುರವಾದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿಯಿಂದ ಆಕಾರ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ಕೇದಗೆ ಜಾತಿಯ ಗಿಡದ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಗೆಂಬುದು ಮುತ್ತುಗ, ಎಲಚಿ ಮೊದಲಾದ ಮರಗಳ ಮೇಲೆ ಬಾಳುವ ಸಣ್ಣ ಕೀಟದ ಒಸರು. ಅದಕ್ಕೆ ಅರಿಸಿನ, ನೀಲಿ ಮೊದಲಾದ ಸಸ್ಯಜನ್ಯ ಬಣ್ಣಗಳನ್ನು ಬೆರೆಸಿದಾಗ, ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಶಿಶುವಿಗೆ ಅದರಿಂದ ಭಯವಿಲ್ಲ. ನಡುವೆ ರಾಸಾಯನಿಕ ಬಣ್ಣಗಳು ಬಂದು ಸೇರಿದುವು. ಈಚಿನ ದಶಕಗಳಲ್ಲಿ ಸಸ್ಯದ ಬಣ್ಣಗಳನ್ನು ಮರಳಿ ತರುವ ಯತ್ನ ನಡೆದಿದೆ.

ನಿಸರ್ಗವನ್ನು ಚಿತ್ರಿಸುವುದು ಬೇರೆ, ನಿಸರ್ಗದಿಂದ ಮಾಡುವುದು ಬೇರೆ. ಈ ಭೇದವನ್ನು ಅರಿಯಲು ಮಗುವಿನ ಕೋಣೆ ನಿಜವಾಗಿ ಹುಟ್ಟಿಬೆಳೆದ ಇಂಗ್ಲೆಂಡಿನ ಕಡೆಗೆ ಒಮ್ಮೆ ನೋಡಬೇಕು. 19ನೆಯ ಶತಮಾನದ ಸಿರಿವಂತ ಇಂಗ್ಲಿಷ್ ಮನೆಗಳಲ್ಲಿ ಮಕ್ಕಳಿಗೆ ಪ್ರತ್ಯೇಕವಾದ ಕೋಣೆ, ಅದಕ್ಕೊಬ್ಬ ದಾದಿ ಇರುವುದು ರೂಢಿಯಾಯಿತು. ಆ ಕೋಣೆಗೆಂದೇ ಚಿತ್ರದ ಗೋಡೆಕಾಗದಗಳು ಸಿದ್ಧವಾದುವು; ಪ್ರಸಿದ್ಧ ಚಿತ್ರಕಾರ ವಾಲ್ಟರ್ ಕ್ರೇನ್ 1875ರಿಂದ ಅಂಥವನ್ನು ರಚಿಸತೊಡಗಿದ. ಆದರೆ ಆ ಕಾಲದ ಗೋಡೆಕಾಗದಗಳಲ್ಲಿ ಎಲೆಬಳ್ಳಿಗಳ ಹಸುರು ಅನೇಕ ವೇಳೆ ಶಂಖಪಾಷಾಣದಿಂದ ಬಂದುದಾಗಿತ್ತು. ಸ್ವೀಡನ್ನಿನ ರಸಾಯನಜ್ಞ ಷೀಲೆ 1775ರಲ್ಲಿ ಕಂಡುಹಿಡಿದ ಆ ಹಸುರು ಅಗ್ಗವಾಗಿಯೂ ಮನೋಹರವಾಗಿಯೂ ಇತ್ತು. 1862ರಲ್ಲಿ ಲಂಡನ್ನಿನ ಲೈಮ್‌ಹೌಸ್ ಭಾಗದ ಒಂದೇ ಮನೆಯಲ್ಲಿ ನಾಲ್ಕು ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಹಸುರು ಗೋಡೆಕಾಗದದ ಮೇಲೆ ಅನುಮಾನ ಬಿದ್ದಿತು. ಹೂಬಳ್ಳಿಗಳ ವಿನ್ಯಾಸಕ್ಕೆ ಲೋಕವಿಖ್ಯಾತನಾದ ವಿಲಿಯಂ ಮಾರಿಸನ, ಗುಲಾಬಿಯೂ ಹಕ್ಕಿಯೂ ಇರುವ ಆರಂಭದ ಗೋಡೆಕಾಗದವೊಂದರ ಬಣ್ಣದಲ್ಲಿಯೂ ಈ ವಿಷವಿತ್ತೆಂಬುದು 2003ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸಿದ್ಧವಾಯಿತು.

ಸೀಸದ ಕಥೆಯೂ ಇದರಂತೆಯೇ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳಿಗೆ ತಗಲುತ್ತಿದ್ದ ಸೀಸದ ವಿಷಕ್ಕೆ ಮನೆಯ ಗೋಡೆ ಮತ್ತು ಜಗಲಿಯ ಕಟಕಟೆಗಳ ಬಣ್ಣವೇ ಮೂಲವೆಂದು 1904ರಲ್ಲಿ ತೋರಿಸಿದ. ಅಲ್ಲಿ 1922ರಲ್ಲಿ ಈ ಬಗ್ಗೆ ಕಾನೂನಾಯಿತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ 2016ರಲ್ಲಿ ರಚಿತವಾಗಿ 2017ರಲ್ಲಿ ಜಾರಿಗೆ ಬಂದಿತು. ಮಗುವಿನ ಸುತ್ತ ಎಲೆ ಹೂಗಳನ್ನು ಬರೆಯಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಆ ಎಲೆಯನ್ನು ಯಾವುದರಿಂದ ಬರೆದಿದೆ ಎಂಬುದೆಂದು ಈ ಎರಡು ಪ್ರಕರಣಗಳಿಂದ ವ್ಯಕ್ತವಾಗುತ್ತದೆ.

ಮರದ ತೊಟ್ಟಿಲು ಎಲ್ಲರಿಗೂ ದಕ್ಕುವಂಥದಲ್ಲ. ಬಡವರ ಮನೆಯಲ್ಲಿ ಅದರ ಸ್ಥಾನವನ್ನು ಬಟ್ಟೆ ತುಂಬಿತು. ಉತ್ತರ ಕರ್ನಾಟಕದ ಕೌದಿಯನ್ನು ಇಲ್ಲಿ ಸ್ಮರಿಸಬೇಕು. ಸವೆದ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ ಒಂದೇ ಸಮನೆ ಟಾಕು ಹಾಕುತ್ತ ಹೆಂಗಸರು ಇದನ್ನು ಹೊಲಿಯುತ್ತಾರೆ. ನೂರಾರು ಸಲ ಒಗೆದ ಬಟ್ಟೆಯ ಮೆದುವು ಹೊಸ ಬಟ್ಟೆಗೆ ಬರುವಂತಿಲ್ಲ. ಹಸುಳೆಗೆ ಮೊದಲು ಹಳೆಯ ಬಟ್ಟೆಯನ್ನೇ ಉಡಿಸಬೇಕೆಂಬ ರೂಢಿಯಲ್ಲಿ ಈ ಅನುಭವವಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅಭ್ಯಾಸ ಮಾಡಿದ್ದಾರೆ. ಆ ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ಬಣ್ಣದ ಚಿಂದಿಗಳನ್ನು ಕೂರಿಸುತ್ತಾರೆ. ಅದಕ್ಕೆ ಹೂವೆಂದೇ ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಕಾಸಿಲ್ಲದ ಮನೆಯೂ ಮಗುವಿನ ಹಾಸಿಗೆಗೆ ಹೂವಿಡಲು ಮರೆಯಲಿಲ್ಲ.

ನಾಡು ಬಿಟ್ಟು ಹೋದ ಕನ್ನಡಿಗರೊಂದಿಗೆ ಪ್ರಯಾಣ ಮಾಡಿದ್ದು ಹೆಚ್ಚಾಗಿ ಈ ಬಟ್ಟೆಯ ಪರಂಪರೆಯೇ. ಮುಂಬಯಿಯ ವರ್ಲಿ, ನಾಯಗಾಂವ ಮೊದಲಾದೆಡೆ 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಚಾಳುಗಳಲ್ಲಿ ಒಂದು ಸಂಸಾರಕ್ಕೆ ದೊರೆತುದು ಸುಮಾರು 160 ಚದರಡಿಯ ಒಂದೇ ಖೋಲಿ. ಅಂಥ ಖೋಲಿಯಲ್ಲಿ ಸಾಗವಾನಿ ತೊಟ್ಟಿಲಿಗೆ ಎಡೆಯೆಲ್ಲಿ? ಮಾಡಿನ ಕೊಂಡಿಗೆ ಸೀರೆ ಕಟ್ಟಿದರೆ ಜೋಲಿಯಾಯಿತು. ಮಗು ಎದ್ದ ಮೇಲೆ ಬಿಚ್ಚಿದರೆ ಅದೇ ಸ್ಥಳ ಊಟಕ್ಕೂ ಓದಿಗೂ ಒದಗಿತು. ಮರಾಠಿ ನೆರೆಯವರ ‘ಝೋಳಿ’ಗೂ ಕನ್ನಡದ ಜೋಲಿಗೂ ಅಂತರವಿರಲಿಲ್ಲ. ಮಹಾನಗರದಲ್ಲಿ ಭಾಷೆ ತಿಳಿಯದ ತಾಯಂದಿರಿಬ್ಬರಿಗೆ ಮೊದಲು ಪರಿಚಯ ಮಾಡಿಸಿದ ಶಬ್ದಗಳಲ್ಲಿ ಇದೂ ಒಂದಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನು ಗಂಡುಮಗುವಿಗೆ ನೀಲಿ, ಹೆಣ್ಣುಮಗುವಿಗೆ ಗುಲಾಬಿ ಎಂಬ ವಿಂಗಡಣೆ. ಇದು ಸನಾತನವೆಂದು ಕೆಲವರು ನಂಬಿದ್ದಾರೆ. ಪಶ್ಚಿಮದಲ್ಲಿಯೂ ಅದು ಪುರಾತನವಲ್ಲ. 20ನೆಯ ಶತಮಾನದ ಆರಂಭದವರೆಗೆ ಅಮೆರಿಕದಲ್ಲಿ ಗಂಡು ಹೆಣ್ಣು ಶಿಶುಗಳೆರಡಕ್ಕೂ ಬಿಳಿಯ ನಿಲುವಂಗಿಯನ್ನೇ ತೊಡಿಸುತ್ತಿದ್ದರು. 1918ರಲ್ಲಿ ಅಲ್ಲಿನ ಶಿಶು ಉಡುಪುಗಳ ವ್ಯಾಪಾರಿ ಪತ್ರಿಕೆಯೊಂದು, ಗುಲಾಬಿ ಗಂಡಿಗೂ ನೀಲಿ ಹೆಣ್ಣಿಗೂ ಒಪ್ಪುತ್ತದೆಯೆಂದು ಇಂದಿನ ರೂಢಿಗೆ ವಿರುದ್ಧವಾಗಿಯೇ ಬರೆದಿತ್ತು. 1927ರಲ್ಲಿ ‘ಟೈಮ್’ ವಾರಪತ್ರಿಕೆ ಅಂಗಡಿಗಳನ್ನು ವಿಚಾರಿಸಿದಾಗ ಊರಿಗೊಂದು ಉತ್ತರ ಬಂದಿತು. ಎರಡನೆಯ ಮಹಾಯುದ್ಧದ ನಂತರವಷ್ಟೇ ಇಂದಿನ ರೂಢಿ ಗಟ್ಟಿಯಾಯಿತು. ಜೋ ಪಾವೊಲೆಟ್ಟಿ ಎಂಬ ವಿದುಷಿ 2012ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚರಿತ್ರೆಯನ್ನು ವಿವರಿಸಿದ್ದಾರೆ. ಅಣ್ಣನ ಬಟ್ಟೆ ತಂಗಿಗೆ ಸಲ್ಲದೆಂದಾದರೆ ಅಂಗಡಿಗೆ ಎರಡು ಸಲ ಲಾಭ. ಕಲಘಟಗಿಯ ತೊಟ್ಟಿಲ ಕೆಂಪು, ಹಳದಿ, ಹಸುರುಗಳು ಇಂಥ ಲೆಕ್ಕವನ್ನು ಅರಿತಿರಲಿಲ್ಲ.

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಅದು ನಾಡಿನ ಸ್ತೋತ್ರವಾದೀತು, ಇತಿಹಾಸವಾಗದು. ತೊಟ್ಟಿಲು ಭೇದವೆಣಿಸಲಿಲ್ಲ, ಅದನ್ನು ತೂಗಿದವರು ಎಣಿಸಿದರು. ಮಹಾರಾಷ್ಟ್ರದ ಮನೆಗಳಲ್ಲಿಯೂ ಅದರ ನೆರೆಯ ಅನೇಕ ಕನ್ನಡ ಮನೆಗಳಲ್ಲಿಯೂ ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವ ಸಂಪ್ರದಾಯವಿದೆ. ಹೆಂಗಸರು ಅದನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ಹಾಗೆ ದಾಟಿಸುವಾಗ ಉಚ್ಚರಿಸುವುದು ಕೃಷ್ಣನ ಹೆಸರುಗಳನ್ನು. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಕಲ್ಲಿಗೆ ಕೂಡ ಮನೆಯವರ ಹಾರೈಕೆ ಗಂಡುಹೆಸರನ್ನೇ ಕೊಟ್ಟಿತು.

ವಿಜ್ಞಾನವು ಹುಟ್ಟುವ ಮುಂಚೆಯೇ ಲಿಂಗವನ್ನು ತಿಳಿಯುವ ಉಪಾಯವನ್ನು ಒದಗಿಸಿದಾಗ ಈ ಹಾರೈಕೆ ಹಾನಿಯಾಗಿ ಪರಿಣಮಿಸಿತು. ಮಹಾರಾಷ್ಟ್ರ 1988ರಲ್ಲಿಯೇ, ಕೇಂದ್ರ ಸರ್ಕಾರ 1994ರಲ್ಲಿ ಇದರ ವಿರುದ್ಧ ಕಾನೂನು ಮಾಡಿದುವು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಎಷ್ಟು ಹೆಣ್ಣೆಂಬ ಜನಗಣತಿಯ ಲೆಕ್ಕ ಹೀಗಿದೆ: ಕರ್ನಾಟಕದಲ್ಲಿ 1991ರಲ್ಲಿ 960, 2001ರಲ್ಲಿ 946, 2011ರಲ್ಲಿ 948. ನಿಸರ್ಗಕ್ರಮದಲ್ಲಿ ಸಾವಿರ ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುವುದರಿಂದ, ಕರ್ನಾಟಕದ ಅಂಕಿಯನ್ನು ಭೀಕರವೆನ್ನಲಾಗದು. ಆದರೆ 1991ರಿಂದ ಅದು ಇಳಿದಿರುವುದನ್ನು ಮರೆಯುವಂತಿಲ್ಲ. ಕನ್ನಡಿಗರು ನೆಲಸಿರುವ ಇತರ ಪ್ರಾಂತಗಳ ಅಂಕಿ ಇನ್ನೂ ಕಠೋರವಾಗಿದೆ: 2011ರಲ್ಲಿ ಮಹಾರಾಷ್ಟ್ರದಲ್ಲಿ 894, ದೆಹಲಿಯಲ್ಲಿ 871. ಆ ನಗರಗಳಲ್ಲಿ ಬಾಳುವ ಯಾವ ಭಾಷಿಕರೂ ಆ ಲೆಕ್ಕದಿಂದ ತಮ್ಮನ್ನು ಹೊರಗಿಟ್ಟುಕೊಳ್ಳುವಂತಿಲ್ಲ. ಗೋಡೆಗೆ ಹಸುರನ್ನೋ ಹಳದಿಯನ್ನೋ ಬಳಿದ ಮಾತ್ರಕ್ಕೆ ಸಮಭಾವ ಬಂದಂತಾಗದೆಂಬುದಕ್ಕೆ ಶತಮಾನಗಳ ತೊಟ್ಟಿಲೇ ಸಾಕ್ಷಿ.

ಆದರೂ ಪರಂಪರೆಯಲ್ಲಿ ಬೇರೊಂದು ಎಳೆಯೂ ಇದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಬಸವ ಜಯಂತಿಯಂದು ಬಸವಣ್ಣನವರನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಅಕ್ಕಮಹಾದೇವಿಯ ಜಯಂತಿಯಂದು ಅಕ್ಕನನ್ನೂ ಹಾಗೆಯೇ ತೂಗುವುದುಂಟು. ಅಲ್ಲಿ ತೊಟ್ಟಿಲಿಗೆ ಕಟ್ಟುವ ಹೂಮಾಲೆ ಒಂದೇ ಬಗೆಯದು, ಹಂಚುವ ಸಕ್ಕರೆಯೂ ಒಂದೇ. ದೂರದ ನಗರದಲ್ಲಿ ಹಳೆಯ ಸೀರೆಯೊಂದನ್ನು ಕೌದಿ ಮಾಡಿ, ಹಾಲೆ ಮರದ ಗಿಲಿಗಿಚ್ಚಿಯೊಂದನ್ನು ತಂದು ಮಗುವಿನ ಬರವನ್ನು ಕಾಯುತ್ತಿರುವ ಕನ್ನಡ ಮನೆಗೆ ಈ ಇತಿಹಾಸದಿಂದ ದೊರೆಯುವ ಸಾಮಗ್ರಿ ಇಷ್ಟೇ. ಸಕ್ಕರೆಯನ್ನು ಎರಡು ಜನನಗಳಿಗೂ ಒಂದೇ ಅಳತೆಯಲ್ಲಿ ಹಂಚುವ ಕೆಲಸ ಆ ಮನೆಯವರದು.