ಕಾಸನಿ ಮತ್ತು ಚಿಕೋರಿ: ಗಡಿನಾಡಿನ ಅಂಗಡಿ ಹೆಸರುಗಳ ಸಾಕ್ಷ್ಯ

ಚಿಕೋರಿ ದಕ್ಷಿಣದಲ್ಲೂ ಹಿಂದಿನಿಂದ ಇದ್ದ ಗಿಡವೆಂದು ವಾದಿಸುವವರು ಎರಡು ಹೆಸರುಗಳನ್ನು ಆಧಾರವಾಗಿ ಒಡ್ಡುತ್ತಾರೆ: ಅರಬ್ಬಿಯ ‘ಹಿಂದಬಾ’, ಹಳೆಯ ಔಷಧಿಕೋಶಗಳಲ್ಲಿರುವ ತೆಲುಗಿನ ‘ಕಾಸಿನಿ ವಿತ್ತುಲು’.

ಮೊದಲನೆಯದಕ್ಕೆ ಹೆಚ್ಚು ಮಾತು ಬೇಡ. ಹಿಂದಬಾಕ್ಕೂ ಹಿಂದ್‌ಗೂ ನಂಟಿಲ್ಲ. ಅದು ಗ್ರೀಕ್-ಲ್ಯಾಟಿನ್ನಿನ ‘ಇಂಟುಬಸ್’ ಬಳಗದ ಪದ. 1753ರಲ್ಲಿ ಲಿನ್ನೇಯಸ್ ಈ ಗಿಡವನ್ನು ಸಿಕೋರಿಯಂ ಇಂಟಿಬಸ್ ಎಂದು ಕರೆದಾಗ ಉಳಿಸಿಕೊಂಡದ್ದೂ ಅದನ್ನೇ. (ಹಿಂದಬಾವನ್ನು ‘ಹಿಂದುಬಾ’ ಎಂದು ತಿದ್ದಿ ಸಂಸ್ಕೃತದ ಸಾಲಿಗೆ ಸೇರಿಸಿದ ಪಟ್ಟಿಗಳೂ ಇವೆ. ಅವಕ್ಕೆ ಉತ್ತರ ಕೊಡುವುದು ಕಾಲಹರಣ.)

ಎರಡನೆಯದು ನಿಜವಾದ ಸಾಕ್ಷ್ಯ. ಅದನ್ನು ಓದಿದ ಕ್ರಮ ಮಾತ್ರ ತಪ್ಪು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದ ರಾಯದುರ್ಗದಲ್ಲಾಗಲಿ, ಪಾವಗಡ-ಶಿರಾಗಳಿಗೆ ಅಂಟಿಕೊಂಡ ಮಡಕಶಿರದಲ್ಲಾಗಲಿ, ತೆಲುಗಿನ ವಿತ್ತು ನಮ್ಮ ಬಿತ್ತು ಎಂದು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾಸಿನಿ ವಿತ್ತುಲು ಎಂದರೆ ಕಾಸನಿಯ ಬೀಜ. ತಮಿಳಿನ ‘ಕಾಶಿನಿ ವಿರೈ’ಗೂ ಅದೇ ಅರ್ಥ. ಕಾಸನಿ ಎಂಬುದು ಚಿಕೋರಿ ಗಿಡಕ್ಕಿರುವ ಪಾರಸಿ ಮಾತು. ಯಕೃತ್ತಿನ ಕಾಯಿಲೆಗೆ ಯುನಾನಿ ಹಕೀಮರು ಬರೆದುಕೊಡುವ ಈ ಬೀಜ ಸಿಗುವುದು ಗ್ರಂಧಿಗೆ ಅಂಗಡಿಯಲ್ಲಿ. ಕೋಶಕಾರರು ದಾಖಲಿಸಿದ್ದು ಸರಕಿನ ಹೆಸರನ್ನು, ಹೊಲದ ಗಿಡದ ಹೆಸರನ್ನಲ್ಲ.

ಬೀಜದ ಹೆಸರಿದ್ದ ಮಾತ್ರಕ್ಕೆ ಬೆಳೆ ಇರಲಿಲ್ಲವೆನ್ನಬಹುದೇ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಈ ಸೀಮೆಯ ಶೇಂಗಾವೇ ಉತ್ತರ. ದಕ್ಷಿಣ ಅಮೆರಿಕದಿಂದ ಬಂದ ಈ ಬೆಳೆ ಇಲ್ಲಿ ನೆಲ ಹಿಡಿದ ಮೇಲೆ ಶೇಂಗಾ, ಕಡ್ಲೆಕಾಯಿ ಎಂಬ ಹೆಸರುಗಳಷ್ಟೇ ಅಲ್ಲ, ಕಾಯಿ ಬಿಡಿಸಿದ ಬಳ್ಳಿ, ದನಕ್ಕೆ ಹಾಕುವ ಹೊಟ್ಟು, ಗಾಣದಿಂದ ಬಂದ ಹಿಂಡಿ ಎಲ್ಲಕ್ಕೂ ರೈತರ ಬಾಯಲ್ಲಿ ಮಾತು ಹುಟ್ಟಿತು. ಕಾಸನಿಗೆ ಅಂಥ ಒಕ್ಕಲು ಸಂಸಾರವಿಲ್ಲ. ಅದರ ನೀಲಿ ಹೂವಿಗಾಗಲಿ ಎಲೆಗಾಗಲಿ ಕೋಶಗಳು ತೆಲುಗಿನ ಹೆಸರು ಕೊಡುವುದಿಲ್ಲ. ವಾಯವ್ಯ ಭಾರತದಲ್ಲಿ ಗಿಡ ತಾನಾಗಿ ಬೆಳೆಯುತ್ತದೆ, ನಿಜ. ಆ ಮಾತನ್ನು ಈ ಅನಂತಪುರ ಸೀಮೆಗೆ ಎಳೆದು ತರಲಾಗದು.

ಇನ್ನು ‘ಚಿಕೋರಿ’. ಇದು ಬಂದದ್ದು ಬೇರಿನ ಜೊತೆ, ಯುರೋಪಿನ ದಾರಿಯಿಂದ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ಸರಕಿಗೆ ದಿಗ್ಬಂಧ ಹೇರಿದ ಮೇಲೆ ಫ್ರಾನ್ಸಿನಲ್ಲಿ ಹುರಿದ ಬೇರಿನ ಪುಡಿ ಕಾಫಿಯ ಜಾಗಕ್ಕೆ ಬಂತು. ಬೇರಿನ ಇನ್ಯುಲಿನ್ ಎಂಬ ಶರ್ಕರಪಿಷ್ಟ ಹುರಿದಾಗ ಕಂದು ಬಣ್ಣ, ಕಹಿ, ಮಂದತನ ಕೊಡುತ್ತದೆ, ಕೆಫೀನ್ ಅದರಲ್ಲಿಲ್ಲ. ನಮ್ಮಲ್ಲಿ ಮಿಶ್ರಣದ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕೆಂಬುದು ಕಾನೂನು. ಒಂದು ಲೋಟ ತಣ್ಣೀರಿಗೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ. ಆ ಬೇರು ಬೆಳೆಯುವುದು ಮುಖ್ಯವಾಗಿ ಗುಜರಾತಿನ ಜಾಮ್‌ನಗರ, ಉತ್ತರ ಪ್ರದೇಶದ ಏಟಾ ಕಡೆ.

ಹೀಗೆ ಒಂದೇ ಗಿಡ ಬೀಜವಾಗಿ ಹಕೀಮರ ಚೀಟಿಯಿಂದ, ಬೇರಾಗಿ ಕಾಫಿಪುಡಿಯಿಂದ, ಎರಡು ಹೆಸರು ಹೊತ್ತು ನಮ್ಮ ಅಂಗಡಿಗೆ ಬಂದಿದೆ. ಈ ಹೆಸರುಗಳು ಹೇಳುವುದು ವ್ಯಾಪಾರದ ಇತಿಹಾಸವನ್ನು. ಬೇಸಾಯದ ಇತಿಹಾಸ ಬೇಕೆನ್ನುವವರು ಕೋಶ ಮುಚ್ಚಿಟ್ಟು ಹೊಲದ ಸಾಕ್ಷ್ಯ ತರಲಿ.